ನುಸಿಯ ಒಡಲಿನಲ್ಲಿ ವಿಷದ ಗತಿ

ಜೆ.ಪಿ. ನಗರದ ತಾರಸಿಯ ಮೇಲೆ ಗುಲಾಬಿ ಕುಂಡ ಇಟ್ಟವರಲ್ಲಿ ನೀವೂ ಒಬ್ಬರಾಗಿದ್ದರೆ, ಬೇಸಿಗೆಯಲ್ಲಿ ಎಲೆಗಳ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಮೂಡುವುದನ್ನು ನೋಡಿರುತ್ತೀರಿ. ಎಲೆಯನ್ನು ಮಗುಚಿ ಮಸೂರ ಹಿಡಿಯಿರಿ. ನವಿರಾದ ಬಲೆಯ ನಡುವೆ ಅರ್ಧ ಮಿಲಿಮೀಟರಿನಷ್ಟು ಉದ್ದದ, ಎಂಟು ಕಾಲಿನ ಜೀವಿಗಳು ಓಡಾಡುತ್ತಿರುತ್ತವೆ. ಇವು ಕೀಟಗಳಲ್ಲ, ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ ಜೇಡನುಸಿಗಳು. ಔಷಧಿ ಹೊಡೆದ ಮೇಲೆ ಕೆಲವು ದಿನ ಮರೆಯಾಗಿ, ಮೊದಲಿಗಿಂತ ಹೆಚ್ಚಾಗಿ ಮರಳಿದರೆ ಅಂಗಡಿಯವನನ್ನು ಬೈಯಬೇಡಿ. ಇದಕ್ಕೊಂದು ಚರಿತ್ರೆಯಿದೆ.

ಡಿಡಿಟಿ ಕೀಟಗಳನ್ನು ಕೊಲ್ಲುತ್ತದೆಂದು ಪಾಲ್ ಮ್ಯೂಲರ್ ಕಂಡುಕೊಂಡದ್ದು 1939ರಲ್ಲಿ. ಎರಡನೆಯ ಮಹಾಯುದ್ಧದ ನಂತರ ಅದು ಹಣ್ಣಿನ ತೋಟಗಳಿಗೆ ಬಂತು. ಆಗ ಅಷ್ಟೇನೂ ಕಾಟ ಕೊಡದಿದ್ದ ಜೇಡನುಸಿ ದೊಡ್ಡ ಪೀಡೆಯಾಯಿತು. ಡಿಡಿಟಿ ನುಸಿಯನ್ನು ಕೊಲ್ಲಲಿಲ್ಲ, ಅದನ್ನು ತಿನ್ನುವ ಶತ್ರುಗಳನ್ನು ಕೊಂದಿತು. 1950ರ ದಶಕದಲ್ಲಿ ಡೈಕೋಫಾಲ್ ಎಂಬ ನುಸಿನಾಶಕ ಬಂತು. ಇದರ ರಚನೆ ಸ್ವಾರಸ್ಯಕರ: ಡಿಡಿಟಿ ಅಣುವಿನ ಒಂದು ಹೈಡ್ರೊಜನ್ ಪರಮಾಣುವಿನ ಜಾಗದಲ್ಲಿ ಆಕ್ಸಿಜನ್-ಹೈಡ್ರೊಜನ್ ಜೋಡಿಯನ್ನು ಕೂರಿಸಿದರೆ ಅದೇ ಡೈಕೋಫಾಲ್! ಒಂದೇ ಒಂದು ಆಕ್ಸಿಜನ್ ಪರಮಾಣು ಸೇರಿದ್ದಕ್ಕೆ ನುಸಿ ಸಾಯತೊಡಗಿತು. ಕಾಲಕ್ರಮೇಣ ಅದಕ್ಕೂ ನುಸಿ ಬಗ್ಗದಾಯಿತು. ಡೈಕೋಫಾಲ್ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ಭಾರತ 2023ರಲ್ಲಿ ಅದನ್ನು ನಿಷೇಧಿಸಿತು.

ನುಸಿ ವಿಷವನ್ನು ಅರಗಿಸಿಕೊಳ್ಳುವುದು ಹೇಗೆ? ಪಿ450 ಎಂಬ ಕಿಣ್ವಗಳ ಒಡಲಿನಲ್ಲಿ ಒಂದು ಕಬ್ಬಿಣದ ಪರಮಾಣುವಿದೆ. ಅದು ಗಾಳಿಯ ಆಕ್ಸಿಜನ್ನನ್ನು ಹಿಡಿದು, ಒಂದು ಪರಮಾಣುವನ್ನು ವಿಷದ ಅಣುವಿಗೆ ಅಂಟಿಸುತ್ತದೆ. ಡಿಡಿಟಿಯನ್ನು ಡೈಕೋಫಾಲ್ ಮಾಡಿದ ರಸಾಯನ ವಿಜ್ಞಾನಿಯ ಉಪಾಯವನ್ನೇ ನುಸಿ ತಿರುಗಿ ಪ್ರಯೋಗಿಸುತ್ತದೆ ಎನ್ನಬಹುದು. ಆಮೇಲೆ ಬೇರೆ ಕಿಣ್ವಗಳು ಅದಕ್ಕೆ ಸಕ್ಕರೆಯ ಅಣುವನ್ನೋ ಗ್ಲುಟಥಯೋನನ್ನೋ ಕಟ್ಟುತ್ತವೆ. ನೀರಿನಲ್ಲಿ ಕರಗುವಂತಾದ ವಿಷ ಹೊರಹೋಗುತ್ತದೆ. ಇಂದಿನ ನುಸಿನಾಶಕ ಅಬಾಮೆಕ್ಟಿನ್‌ಗೂ ಇದೇ ಗತಿಯಾಗುತ್ತಿದೆ.

ಈ ಸಲಕರಣೆಯನ್ನು ನುಸಿ ನಮ್ಮ ಔಷಧಿಗಾಗಿ ಮಾಡಿಕೊಂಡದ್ದಲ್ಲ. 1,000ಕ್ಕೂ ಹೆಚ್ಚು ಜಾತಿಯ ಗಿಡಗಳ ರಸ ಹೀರುವ ಜೀವಿ ಅಷ್ಟೂ ಗಿಡಗಳ ವಿಷಗಳನ್ನು ಎದುರಿಸಬೇಕಲ್ಲವೆ? ಎಳೆ ಜೋಳದ ಪೈರು ಮೇಯ್ದ ದನ ಸಾಯುವುದನ್ನು ನಮ್ಮ ರೈತರು ಬಲ್ಲರು. ಅದು ಸಯನೈಡಿನ ಕೆಲಸ. ಸಯನೈಡ್ ಸೂಸುವ ಬೀನ್ಸ್ ಗಿಡದಲ್ಲೂ ಜೇಡನುಸಿ ಬದುಕುತ್ತದೆ. ಸಯನೈಡನ್ನು ನಿರ್ವಿಷಗೊಳಿಸುವ ಅದರ ಜೀನ್ ಹಿಂದೊಮ್ಮೆ ಬ್ಯಾಕ್ಟೀರಿಯದಿಂದ ಬಂದದ್ದೆಂದು 2014ರಲ್ಲಿ ತಿಳಿಯಿತು. 2011ರಲ್ಲಿ ಓದಲಾದ ಅದರ ಜೀನೋಮಿನಲ್ಲಿ ಪಿ450 ಜೀನುಗಳೇ 86! ಜೊತೆಗೆ, ಗಂಡು ನುಸಿ ಫಲಿತವಾಗದ ಮೊಟ್ಟೆಯಿಂದ ಹುಟ್ಟುವುದರಿಂದ ಅದಕ್ಕೆ ಪ್ರತಿ ಜೀನಿನ ಒಂದೇ ಪ್ರತಿ. ವಿಷ ತಡೆಯುವ ಜೀನ್ ಇದ್ದರೆ ಅದು ಮರೆಯಾಗಿ ಕೂರುವಂತಿಲ್ಲ.

ಕರ್ನಾಟಕದಲ್ಲಿ ನುಸಿಗಳ ಅಧ್ಯಯನಕ್ಕೆ ಬುನಾದಿ ಹಾಕಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿ.ಪಿ. ಚನ್ನಬಸವಣ್ಣ. ಎರಿಯೋಫೈಡ್ ನುಸಿಗಳ ಬಗ್ಗೆ ಅವರ ಗ್ರಂಥ ಪ್ರಕಟವಾದದ್ದು 1966ರಲ್ಲಿ. 1986ರ ಆಗಸ್ಟ್‌ನಲ್ಲಿ ಏಳನೆಯ ಅಂತರರಾಷ್ಟ್ರೀಯ ನುಸಿವಿಜ್ಞಾನ ಸಮ್ಮೇಳನ ನಡೆದದ್ದೂ ಬೆಂಗಳೂರಿನಲ್ಲೇ. ನಮ್ಮ ಊರಿನವರಿಗೇ ಇದು ಅಷ್ಟಾಗಿ ಗೊತ್ತಿಲ್ಲ!

ನಿಮ್ಮ ಗುಲಾಬಿಯಲ್ಲಿ ಇನ್ನೊಂದು ಬಗೆಯ ನುಸಿಯೂ ಇರಬಹುದು: ಹೊಳೆಯುವ ಮೈಯ, ಚುರುಕಾಗಿ ಓಡುವ ಪರಭಕ್ಷಕ. ನಿಯೋಸೀಯುಲಸ್ ಲಾಂಜಿಸ್ಪೈನೋಸಸ್ ನಮ್ಮಲ್ಲಿ ಸಿಗುವ ಅಂಥದೊಂದು ಜಾತಿ. ಇವು ಗಿಡದ ವಿಷಗಳನ್ನು ನೇರವಾಗಿ ಎದುರಿಸುವುದು ಕಡಿಮೆ, ಆದ್ದರಿಂದ ಅವುಗಳ ಸಲಕರಣೆಯೂ ಕಡಿಮೆ ಎಂಬ ವಾದವಿದೆ. ವಿಷಕ್ಕೆ ಸಕ್ಕರೆ ಕಟ್ಟುವ 80 ಜೀನುಗಳು ಜೇಡನುಸಿಯಲ್ಲಿವೆ. ಅವುಗಳ ಮೂಲವೂ ಬ್ಯಾಕ್ಟೀರಿಯವೇ. ಅಮೆರಿಕದ ಪರಭಕ್ಷಕ ಮೆಟಾಸೀಯುಲಸ್ ಆಕ್ಸಿಡೆಂಟಾಲಿಸ್‌ನಲ್ಲಿ ಅಂಥ ಜೀನು ಸಿಕ್ಕಿಲ್ಲ. ಆದರೂ ವಾದವನ್ನು ಪೂರ್ತಿ ಒಪ್ಪಲಾರೆ. ಇದೇ ಪರಭಕ್ಷಕ ತೋಟಗಳಲ್ಲಿ ಆರ್ಗನೋಫಾಸ್ಫೇಟ್ ವಿಷಗಳಿಗೆ ತಾನಾಗಿಯೇ ಒಗ್ಗಿಕೊಂಡಿತ್ತು. ಕ್ಯಾಲಿಫೋರ್ನಿಯದ ಮಾರ್ಜರಿ ಹಾಯ್ ಪ್ರಯೋಗಾಲಯದಲ್ಲಿ ಆಯ್ದು ಬೆಳೆಸಿ, ಕಾರ್ಬರಿಲ್ ಎಂಬ ಕೀಟನಾಶಕವನ್ನೂ ತಡೆಯುವ ತಳಿಯನ್ನು ಪಡೆದರು. 1980ರ ದಶಕದ ಆರಂಭದಲ್ಲಿ ಅದನ್ನು ಅಲ್ಲಿನ ಬಾದಾಮಿ ತೋಟಗಳಿಗೆ ಬಿಟ್ಟರು. ಕಾರ್ಬರಿಲ್ ಸಿಂಪಡಿಸಿದ ತೋಟಗಳಲ್ಲೂ ಅದು ಉಳಿದುಕೊಂಡು ಜೇಡನುಸಿಗಳನ್ನು ತಿನ್ನುತ್ತಿತ್ತು.