ಮನೆಗೆ ಎರಡನೆಯ ವೈಫೈ ಕೇಂದ್ರ: ಮುರಕಲ್ಲಿನ ಮನೆಗಳನ್ನು ಕುರಿತು ಒಂದು ಟಿಪ್ಪಣಿ

ಕರಾವಳಿಯ ಮುರಕಲ್ಲಿನ ಎರಡು ಅಂತಸ್ತಿನ ಮನೆಗಳಲ್ಲಿ ಫೈಬರ್ ತಂತಿ ಸಾಮಾನ್ಯವಾಗಿ ಮುಂಬಾಗಿಲ ಪಕ್ಕದ ಗೋಡೆಯ ತೂತಿನಿಂದ ಒಳಗೆ ಬಂದು ಅಲ್ಲಿಯೇ ನಿಲ್ಲುತ್ತದೆ. ರೌಟರ್ ಕೂಡ ಅಲ್ಲೇ ಗೋಡೆಯ ಮೇಲೆ ಕೂರುತ್ತದೆ. ಮಹಡಿಯ ಮೇಲೆ ಮಕ್ಕಳು ಓದುವ ಕೋಣೆಗೆ, ಹಿಂದಿನ ಅಡುಗೆಮನೆಗೆ ಸಿಗ್ನಲ್ ಸಿಗುವುದಿಲ್ಲ, ಸಿಕ್ಕರೂ ನಿಲ್ಲುವುದಿಲ್ಲ. ಇದಕ್ಕೆ ಜನ ಮೂರು ದಾರಿ ಹಿಡಿಯುತ್ತಾರೆ: ಇನ್ನೂ ದೊಡ್ಡ ರೌಟರ್, ಪ್ಲಗ್ಗಿಗೆ ಸಿಕ್ಕಿಸುವ ಎಕ್ಸ್‌ಟೆಂಡರ್, ಇಲ್ಲವೇ ತಂತಿ ಎಳೆದು ಎರಡನೆಯ ಆಕ್ಸೆಸ್ ಪಾಯಿಂಟ್, ಅಂದರೆ ಎರಡನೆಯ ವೈಫೈ ಕೇಂದ್ರ. ಮೂರನೆಯದೇ ಸರಿಯಾದ ದಾರಿ. ಆದರೆ ಎರಡನೆಯ ಪೆಟ್ಟಿಗೆ ರೌಟರ್‌ನ ಕೆಲಸವನ್ನು ಪೂರ್ತಿ ಬಿಟ್ಟುಕೊಟ್ಟು, ತನ್ನ ಮೂಲೆಯನ್ನಷ್ಟೇ ನೋಡಿಕೊಂಡಾಗ ಮಾತ್ರ ಅದು ಫಲಿಸುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಗೋಡೆ ಮತ್ತು ತರಂಗ

2.4 ಗಿಗಾಹರ್ಟ್ಜ್ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಜ್‌ನದು ಅದರ ಅರ್ಧಕ್ಕೂ ಕಡಿಮೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗ ಸಿಗ್ನಲ್ 6 ಡೆಸಿಬೆಲ್ ಕುಗ್ಗುತ್ತದೆ, ಅಂದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಮನೆಯೊಳಗೆ ದೂರಕ್ಕಿಂತ ಗೋಡೆಯದೇ ದೊಡ್ಡ ತೊಡಕು. ಮುರಕಲ್ಲು ಸಣ್ಣ ಸಣ್ಣ ರಂಧ್ರಗಳ ಕಲ್ಲು, ಮಳೆಗಾಲದಲ್ಲಿ ನೀರು ಹೀರಿಕೊಳ್ಳುತ್ತದೆ. ನೀರು ಈ ತರಂಗಗಳನ್ನು ಚೆನ್ನಾಗಿ ನುಂಗುವುದರಿಂದ, ಗಿಲಾಯಿ ಇಲ್ಲದ ಹೊರಗೋಡೆ ಒದ್ದೆಯಾದಾಗ ಸಿಗ್ನಲ್ ಇನ್ನಷ್ಟು ತಗ್ಗುತ್ತದೆ. ಮಹಡಿಯ ಕಾಂಕ್ರೀಟ್ ಸ್ಲ್ಯಾಬ್ ಮತ್ತು ಅದರೊಳಗಿನ ಕಬ್ಬಿಣದ ಸರಳುಗಳ ಜಾಲರಿ ಇದರ ಮೇಲಿನ ಹೊರೆ.

ದೊಡ್ಡ ರೌಟರ್ ತಂದರೆ ಏಕೆ ಸಾಲದು? ವೈಫೈ ಎರಡು ಕಡೆಯ ಮಾತು. ರೌಟರ್‌ನ ದನಿ ಫೋನಿಗೆ ಕೇಳಿದರೆ ಸಾಲದು, ಫೋನಿನ ಉತ್ತರವೂ ರೌಟರ್‌ಗೆ ಮುಟ್ಟಬೇಕು. ಬ್ಯಾಟರಿಯಿಂದ ನಡೆಯುವ ಫೋನಿನ ಪ್ರಸಾರಶಕ್ತಿ ರೌಟರ್‌ನದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಪರದೆಯ ಮೇಲಿನ ಕಡ್ಡಿಗಳು ತೋರಿಸುವುದು ರೌಟರ್‌ನಿಂದ ಬಂದ ಸಿಗ್ನಲ್‌ನ ಬಲವನ್ನು ಮಾತ್ರ. ಕಡ್ಡಿ ಸಾಕಷ್ಟಿದ್ದೂ ವಿಡಿಯೊ ಕರೆಯಲ್ಲಿ ನಮ್ಮ ಮಾತು ಆಚೆಯವರಿಗೆ ಕಡಿದು ಕಡಿದು ಕೇಳುವುದಕ್ಕೆ ಇದೂ ಒಂದು ಕಾರಣ.

ಎಕ್ಸ್‌ಟೆಂಡರ್‌ನ ಮಿತಿ

ಎಕ್ಸ್‌ಟೆಂಡರ್ ಏಕೆ ಸೋಲುತ್ತದೆಂದು ತಿಳಿಯಲು ಗಾಳಿಯಲ್ಲಿ ಸರದಿ ಹೇಗೆ ನಡೆಯುತ್ತದೆಂದು ಮೊದಲು ನೋಡಬೇಕು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಅವರ ತಂಡ ನಡೆಸಿದ ಅಲೋಹಾನೆಟ್ ಎಂಬ ರೇಡಿಯೊ ಜಾಲದಲ್ಲಿ ಪ್ರತಿ ಕೇಂದ್ರವೂ ತನಗೆ ಬೇಕೆಂದಾಗ ಪ್ರಸಾರ ಮಾಡುತ್ತಿತ್ತು. ಸಂದೇಶಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದುದರಿಂದ, ಇಂಥ ವ್ಯವಸ್ಥೆಯಲ್ಲಿ ಚಾನೆಲ್‌ನ ಹೆಚ್ಚೆಂದರೆ ಸುಮಾರು ಶೇಕಡಾ 18 ಮಾತ್ರ ಬಳಕೆಗೆ ಒದಗುತ್ತದೆಂದು ಲೆಕ್ಕ ತೋರಿಸಿತು. 1997ರ ಐಇಇಇ 802.11 ಮಾನಕದ ವೈಫೈ ಮೊದಲು ಆಲಿಸಿ, ಗಾಳಿ ಖಾಲಿಯಿದ್ದರೆ ಮಾತ್ರ ಮಾತನಾಡುತ್ತದೆ. ಹಾಗಾಗಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರದೇ ಸರದಿ.

ಒಂದೇ ರೇಡಿಯೊ ಇರುವ ಎಕ್ಸ್‌ಟೆಂಡರ್ ಪ್ರತಿ ಸಂದೇಶವನ್ನು ಕೇಳಿಸಿಕೊಂಡು ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳಬೇಕು. ಒಂದೇ ಮಾತಿಗೆ ಎರಡು ಸರದಿ ಹೋಗುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಬೇರೆ ರೇಡಿಯೊದಲ್ಲಿ ಹಿಂಬದಿಯ ಕೊಂಡಿ ಇಟ್ಟುಕೊಳ್ಳುವ ಮೆಶ್ ಸಾಧನಗಳಿಗೆ ಈ ನಷ್ಟ ಕಡಿಮೆ; ಆದರೂ ಆ ಕೊಂಡಿ ಅದೇ ಒದ್ದೆ ಗೋಡೆಯನ್ನು, ಅದೇ ಸ್ಲ್ಯಾಬನ್ನು ದಾಟಬೇಕು. ತಂತಿ ಎಳೆಯಲು ಸಾಧ್ಯವೇ ಇಲ್ಲದ ಮನೆಗೆ ಮೆಶ್ ಆಗಬಹುದು. ಆಗ ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡಬಾರದು. ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು.

ತಂತಿಯ ವಿಚಾರ

ಕ್ಯಾಟ್ 5ಇ ತಂತಿ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಹೊರುತ್ತದೆ. ಮನೆಯ ಮಟ್ಟಿಗೆ ಇದು ಧಾರಾಳ. ಗಮನಿಸಬೇಕಾದದ್ದು ಅದರೊಳಗಿನ ನಾಲ್ಕು ಜೋಡಿ ಎಳೆಗಳನ್ನು. 100 ಮೆಗಾಬಿಟ್ ಸಂಪರ್ಕಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಕನೆಕ್ಟರ್ ಒತ್ತುವಾಗ ಒಂದು ಎಳೆ ಸರಿಯಾಗಿ ಕೂರದಿದ್ದರೂ ಇಂಟರ್‌ನೆಟ್ ಬರಬಹುದು, ಆದರೆ ವೇಗ 95 ಮೆಗಾಬಿಟ್ ಹತ್ತಿರ ಹೋಗಿ ಗಟ್ಟಿಯಾಗಿ ನಿಂತುಬಿಡುತ್ತದೆ. ಇದನ್ನು ಕಂಡವರು ರೌಟರ್ ಬದಲಿಸುವ ಮೊದಲು ಕನೆಕ್ಟರ್ ಕತ್ತರಿಸಿ ಹೊಸದು ಹಾಕಿಸಬೇಕು. ಅಗ್ಗಕ್ಕೆ ಸಿಗುವ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಎಳೆಯ ತಂತಿಯನ್ನೂ ದೂರವಿಡಬೇಕು. ಅದರ ಎಳೆ ಬೇಗ ತುಂಡಾಗುತ್ತದೆ, ತಂತಿಯ ಮೂಲಕವೇ ವಿದ್ಯುತ್ ಕೊಡುವ ಸಾಧನಗಳಿಗೆ ಹಾಕಿದರೆ ಬಿಸಿಯೇರುತ್ತದೆ.

ಕರಾವಳಿ, ಮಲೆನಾಡುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಮನೆಯಿಂದ ಕೊಟ್ಟಿಗೆಗೋ ಹೊರಗಿನ ಕೋಣೆಗೋ ಬಯಲಲ್ಲಿ ಎಳೆದ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ಎರಡೂ ಕಡೆಯ ಪೆಟ್ಟಿಗೆಗಳಿಗೆ ತಲುಪಿಸುತ್ತದೆ. ಅಂಥ ಕಡೆ ಲೋಹದ ಎಳೆಯಿಲ್ಲದ ಫೈಬರ್ ಎಳೆಯುವುದು ಕ್ಷೇಮ.

ಯಜಮಾನಿಕೆ ಒಂದೇ

ಹಳೆಯ ರೌಟರ್ ಮನೆಯಲ್ಲಿದ್ದರೆ ಅದನ್ನೇ ಎರಡನೆಯ ಕೇಂದ್ರ ಮಾಡಬಹುದು. ಹೆಚ್ಚಿನ ತೊಂದರೆ ಹುಟ್ಟುವುದೂ ಇಲ್ಲಿಯೇ. ರೌಟರ್ ಮನೆಯ ಪ್ರತಿ ಸಾಧನಕ್ಕೂ ವಿಳಾಸ ಹಂಚುತ್ತದೆ. ಆ ಹಂಚಿಕೆಯ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಒಂದೇ ಮನೆಗೆ ಇಬ್ಬರು ಯಜಮಾನರಾದಂತೆ ಎರಡು ಪೆಟ್ಟಿಗೆಗಳೂ ವಿಳಾಸ ಹಂಚತೊಡಗಿದರೆ, ಫೋನು ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನು ಒಪ್ಪಿಕೊಳ್ಳುತ್ತದೆ. ಹಳೆಯ ಪೆಟ್ಟಿಗೆ ತಾನೇ ಹೊರದಾರಿ ಎಂದು ಹೇಳಿದ್ದನ್ನು ನಂಬಿದ ಫೋನಿಗೆ ವೈಫೈ ಇದ್ದೂ ಇಂಟರ್‌ನೆಟ್ ಇಲ್ಲ. ಬೆಳಿಗ್ಗೆ ಸರಿಯಿದ್ದದ್ದು ಸಂಜೆ ಕೆಡುವ, ಒಂದು ಫೋನಿನಲ್ಲಿ ಬಂದದ್ದು ಇನ್ನೊಂದರಲ್ಲಿ ಬಾರದ ವಿಚಿತ್ರಕ್ಕೆ ಇದು ಸಾಮಾನ್ಯ ಕಾರಣ.

ಪರಿಹಾರ ಸರಳ. ಮುಖ್ಯ ರೌಟರ್‌ನ ವಿಳಾಸ 192.168.1.1 ಆಗಿದ್ದರೆ ಹಳೆಯದಕ್ಕೆ 192.168.1.2 ಕೊಡಬೇಕು, ಈ ಸಂಖ್ಯೆ ಮುಖ್ಯ ರೌಟರ್ ಹಂಚುವ ಸಾಲಿನಿಂದ ಹೊರಗಿರಬೇಕು. ಹಳೆಯದರ ಡಿಎಚ್‌ಸಿಪಿಯನ್ನು ನಿಲ್ಲಿಸಬೇಕು. ತಂತಿಯನ್ನು ಮನೆಯೊಳಗಿನ ಸಾಧನಗಳಿಗೆಂದಿರುವ ಲ್ಯಾನ್ ಕಿಂಡಿಯಿಂದ ಲ್ಯಾನ್ ಕಿಂಡಿಗೇ ಹಾಕಬೇಕು. ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆಯೇ ಇದ್ದರೆ ಈ ಕೆಲಸವೆಲ್ಲ ಅದರಿಂದಲೇ ಮುಗಿಯುತ್ತದೆ. ರೌಟರ್ ಮೋಡ್‌ನಲ್ಲೇ ಬಿಟ್ಟು ಹೊರಗಿನ ಇಂಟರ್‌ನೆಟ್‌ಗೆಂದಿರುವ ವ್ಯಾನ್ ಕಿಂಡಿಗೆ ತಂತಿ ಹಾಕಿದರೆ ಮನೆಯೊಳಗೆ ಎರಡು ಜಾಲಗಳಾಗುತ್ತವೆ. ಮಹಡಿಯ ಫೋನಿಗೆ ಕೆಳಗಿನ ಟಿವಿಯಾಗಲಿ ಪ್ರಿಂಟರ್ ಆಗಲಿ ಕಾಣಿಸುವುದಿಲ್ಲ.

ಚಾನೆಲ್, ಹೆಸರು, ಶಕ್ತಿ

ಭಾರತದಲ್ಲಿ 2.4 ಗಿಗಾಹರ್ಟ್ಜ್ ಪಟ್ಟಿಯ ವೈಫೈ ಬಳಕೆಗೆ ಪರವಾನಗಿ ಬೇಡವೆಂದು 2005ರಲ್ಲಿ ನಿಯಮವಾಯಿತು. ಈ ಪಟ್ಟಿಯಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಜ್, ಒಂದು ಪ್ರಸಾರ ಹಿಡಿಯುವ ಅಗಲ ಸುಮಾರು 20. ಆದ್ದರಿಂದ ಪರಸ್ಪರ ತಾಗದಂತೆ ಇಡಲು 1, 6, 11 ಎಂಬ ಮೂರೇ ಸ್ಥಾನಗಳು ರೂಢಿಯಲ್ಲಿವೆ. 1 ಮತ್ತು 3ರಂತೆ ಅರೆಬರೆ ತಾಗುವ ಜೋಡಿ ಎರಡೂ ಒಂದೇ ಚಾನೆಲ್‌ನಲ್ಲಿರುವುದಕ್ಕಿಂತ ಕೆಟ್ಟದ್ದು: ಒಂದೇ ಚಾನೆಲ್ ಆದರೆ ಪರಸ್ಪರ ಕೇಳಿಸಿಕೊಂಡು ಸರದಿ ಕಾಯುತ್ತವೆ, ಅರೆಬರೆ ತಾಗಿದಾಗ ಒಂದರ ಮಾತು ಇನ್ನೊಂದಕ್ಕೆ ಬರೀ ಗದ್ದಲ. 2018ರಲ್ಲಿ 5 ಗಿಗಾಹರ್ಟ್ಜ್‌ನ ಒಟ್ಟು 605 ಮೆಗಾಹರ್ಟ್ಜ್ ಪರವಾನಗಿಯಿಲ್ಲದ ಬಳಕೆಗೆ ತೆರೆದ ಮೇಲೆ ಜಾಗ ವಿಶಾಲವಾಗಿದೆ. ಒಂದು ಕೇಂದ್ರಕ್ಕೆ ಚಾನೆಲ್ 36, ಇನ್ನೊಂದಕ್ಕೆ 149 ಕೊಟ್ಟರೆ ತಕರಾರಿಲ್ಲ.

ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಇರಲಿ. ಆದರೆ ಯಾವ ಕೇಂದ್ರಕ್ಕೆ ಅಂಟಿಕೊಳ್ಳಬೇಕೆಂದು ಕೊನೆಗೆ ತೀರ್ಮಾನಿಸುವುದು ಫೋನು. ಸಿಗ್ನಲ್ ಮೈನಸ್ 70 ಡಿಬಿಎಂಗಿಂತ (ಇದು ಸಿಗ್ನಲ್ ಬಲದ ಮಾನ; ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬಲ ಕಡಿಮೆ) ಕೆಳಗಿಳಿದ ಮೇಲೆಯೇ ಐಫೋನ್ ಬೇರೆ ಕೇಂದ್ರ ಹುಡುಕತೊಡಗುತ್ತದೆಂದು ಆಪಲ್ ಪ್ರಕಟಿಸಿದೆ. ವಿಡಿಯೊ ಕರೆಗೆ ಮೈನಸ್ 67ರ ಆಸುಪಾಸು ಬೇಕೆಂಬುದು ಈ ಕೆಲಸದವರ ರೂಢಿಯ ಲೆಕ್ಕ; ಅಂದರೆ ಫೋನು ಕೇಂದ್ರ ಬದಲಿಸುವ ಮೊದಲೇ ಕರೆ ಕೆಡಬಹುದು. ಎರಡೂ ಕೇಂದ್ರಗಳನ್ನು ಪೂರ್ಣ ಶಕ್ತಿಯಲ್ಲಿ ಬಿಟ್ಟರೆ ಮಹಡಿ ಹತ್ತಿದ ಫೋನು ಕೆಳಗಿನದನ್ನೇ ಹಿಡಿದುಕೊಂಡು ಒದ್ದಾಡುತ್ತದೆ. ಶಕ್ತಿ ತಗ್ಗಿಸಿದರೆ ಅದು ಬೇಗ ಕೈಬಿಟ್ಟು ಹತ್ತಿರದ್ದಕ್ಕೆ ಸೇರುತ್ತದೆ.

ತೀರ್ಮಾನ

ಎರಡನೆಯ ಕೇಂದ್ರದ ಗುಣ ನಿಂತಿರುವುದು ತಂತಿಯ ಸಂಪರ್ಕ, ವಿಳಾಸ ಹಂಚದಿರುವುದು, ಬೇರೆ ಚಾನೆಲ್, ಹದವಾದ ಶಕ್ತಿ ಎಂಬ ನಾಲ್ಕರ ಮೇಲೆ. ಇವನ್ನು ಪಾಲಿಸಿದರೆ ಮನೆಯ ಹಳೆಯ ರೌಟರ್ ಕೂಡ ದುಬಾರಿ ಎಕ್ಸ್‌ಟೆಂಡರ್‌ಗಿಂತ ಚೆನ್ನಾಗಿ ನಡೆಯಬಲ್ಲದು. ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ವಿನಂತಿ: ಸ್ಲ್ಯಾಬ್ ಹಾಕುವ ಮೊದಲು ಎಲೆಕ್ಟ್ರಿಷಿಯನ್‌ಗೆ ಹೇಳಿ, ಫೈಬರ್ ಒಳಬರುವ ಜಾಗದಿಂದ ಮಹಡಿಯ ನಡುಭಾಗಕ್ಕೆ, ಕರೆಂಟಿನ ಪೈಪಿನಿಂದ ಬೇರೆಯಾಗಿ, ಒಂದು ಖಾಲಿ ಪೈಪ್ ಕೂರಿಸಿಬಿಡಿ.