ಕಾಗದದ ಮೇಲಿನ ಜೆರ್ಸಿ: ಯುರೋಪಿನ ಫುಟ್ಬಾಲ್ ಕ್ಲಬ್‌ಗಳಿಗೆ ಕಾಲ್ಪನಿಕ ಕಿಟ್ ಬಿಡಿಸುವ ಹವ್ಯಾಸ

ಕಾಸರಗೋಡಿನ ಕಡೆ ಸಂಜೆ ಹೊತ್ತು ಕೊಯ್ಲು ಮುಗಿದ ಗದ್ದೆಯಲ್ಲಿ ಚೆಂಡಾಡುವ ಹುಡುಗರನ್ನು ನೋಡಿ. ಒಬ್ಬನ ಮೈಮೇಲೆ ಬಾರ್ಸಿಲೋನಾದ ನೀಲಿ-ಕಡುಗೆಂಪು ಪಟ್ಟೆ, ಇನ್ನೊಬ್ಬನದು ಲಿವರ್‌ಪೂಲ್‌ನ ಕೆಂಪು, ಮತ್ತೊಬ್ಬನದು ರಿಯಲ್ ಮ್ಯಾಡ್ರಿಡ್‌ನ ಬಿಳಿ. ಆ ಊರುಗಳು ಭೂಪಟದಲ್ಲಿ ಎಲ್ಲಿವೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುವ ಹುಡುಗನೂ ಬಣ್ಣ ಕಂಡ ಕೂಡಲೇ ಕ್ಲಬ್‌ನ ಹೆಸರು ಹೇಳುತ್ತಾನೆ.

ಈ ಬಣ್ಣಗಳನ್ನೇ ಹಿಡಿದುಕೊಂಡು ಬೆಳೆದ ಒಂದು ಹವ್ಯಾಸವಿದೆ. ಯಾವ ಕಂಪೆನಿಯೂ ಕೇಳದಿದ್ದರೂ, ಯಾರೂ ದುಡ್ಡು ಕೊಡದಿದ್ದರೂ, ತಮ್ಮ ಮೆಚ್ಚಿನ ಕ್ಲಬ್ ಮುಂದಿನ ವರ್ಷ ತೊಡಬಹುದಾದ ಕಿಟ್ ಹೇಗಿದ್ದರೆ ಚೆನ್ನ ಎಂದು ಕಲ್ಪಿಸಿ ಚಿತ್ರ ಬರೆಯುವುದು. ಕಿಟ್ ಎಂದರೆ ಅಂಗಿ, ಚಡ್ಡಿ, ಕಾಲುಚೀಲ ಮೂರೂ ಸೇರಿದ ಉಡುಪು. ನಮ್ಮಲ್ಲಿ ಎಲ್ಲಕ್ಕೂ ಜೆರ್ಸಿ ಎನ್ನುವುದೇ ರೂಢಿ. ಇಂಗ್ಲೆಂಡ್, ಇಟಲಿ, ಸ್ಪೇನ್, ಜರ್ಮನಿಗಳಲ್ಲಿ ಶಾಲೆಯ ನೋಟುಪುಸ್ತಕದ ಕೊನೆಯ ಪುಟದಲ್ಲಿ ಶುರುವಾಗುವ ಈ ಕೆಲಸವನ್ನು ದೊಡ್ಡವರಾದ ಮೇಲೂ ಬಿಡದವರು ಅನೇಕರು. ಈ ಹವ್ಯಾಸದ ಹಿನ್ನೆಲೆ, ವಿಧಾನ ಮತ್ತು ಮಿತಿಗಳ ಬಗ್ಗೆ ಒಂದು ಕಿರುಪರಿಚಯ ಇಲ್ಲಿದೆ.

ಬಣ್ಣ ಬಂದ ಬಗೆ

ಇಂದು ಪವಿತ್ರವೆಂಬಂತೆ ಕಾಣುವ ಬಣ್ಣಗಳಲ್ಲಿ ಎಷ್ಟೋ ಆಕಸ್ಮಿಕವಾಗಿ ಬಂದವು. ಇಟಲಿಯ ಯುವೆಂಟಸ್ ಮೊದಲು ಗುಲಾಬಿ ಬಣ್ಣದ ಅಂಗಿ ತೊಡುತ್ತಿತ್ತು. ಒಗೆದು ಒಗೆದು ಅದು ಮಾಸಿದಾಗ, ತಂಡದಲ್ಲಿದ್ದ ಜಾನ್ ಸ್ಯಾವೇಜ್ ಎಂಬ ಇಂಗ್ಲಿಷಿನವನ ಮೂಲಕ 1903ರಲ್ಲಿ ನಾಟಿಂಗ್‌ಹ್ಯಾಮ್‌ನಿಂದ ಹೊಸ ಅಂಗಿ ತರಿಸಲಾಯಿತು. ಬಂದದ್ದು ಅಲ್ಲಿನ ನಾಟ್ಸ್ ಕೌಂಟಿ ತಂಡದ ಕಪ್ಪು-ಬಿಳಿ ಪಟ್ಟೆಯ ಅಂಗಿ. ಅಂದಿನಿಂದ ಅದೇ ಯುವೆಂಟಸ್‌ನ ಗುರುತು.

ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ಕತೆಯೂ ಹೀಗೆಯೇ. ಬ್ಲ್ಯಾಕ್‌ಬರ್ನ್ ರೋವರ್ಸ್‌ನಂತೆ ನೀಲಿ-ಬಿಳಿ ಅಂಗಿ ತೊಡುತ್ತಿದ್ದ ಈ ತಂಡಕ್ಕೆ ಹೊಸ ಅಂಗಿ ತರಲು ಹುವಾನ್ ಎಲೊರ್ದುಯ್ ಎಂಬವನು ಇಂಗ್ಲೆಂಡಿಗೆ ಹೋಗಿದ್ದ. ಬೇಕಾದ ಅಂಗಿ ಸಿಗಲಿಲ್ಲ. ಬರಿಗೈಯಲ್ಲಿ ಮರಳುವುದು ಹೇಗೆಂದು ಸೌತಾಂಪ್ಟನ್ ಬಂದರಿನಲ್ಲಿ ಅಲ್ಲಿನ ತಂಡದ ಕೆಂಪು-ಬಿಳಿ ಪಟ್ಟೆಯ ಅಂಗಿಗಳನ್ನೇ ಕೊಂಡು ಹಡಗು ಹತ್ತಿದ ಎಂದು ಹೇಳುತ್ತಾರೆ. ಬಿಲ್ಬಾವೊ ನಗರದ ಬಣ್ಣಗಳೂ ಅವೇ ಆಗಿದ್ದುದರಿಂದ 1910ರ ಹೊತ್ತಿಗೆ ಅವು ಕ್ಲಬ್‌ನ ಬಣ್ಣಗಳಾದವು. ಆಗ ಇದರ ಶಾಖೆಯಂತಿದ್ದ ಅಟ್ಲೆಟಿಕೊ ಮ್ಯಾಡ್ರಿಡ್ ಅಂಗಿ ಬದಲಿಸಿತು, ಹಳೆಯ ನೀಲಿ ಚಡ್ಡಿಯನ್ನು ಉಳಿಸಿಕೊಂಡಿತು.

ಬುದ್ಧಿಪೂರ್ವಕವಾಗಿ ಮಾಡಿದ ಬದಲಾವಣೆಗಳೂ ಇವೆ. ಆರ್ಸೆನಲ್‌ನ ಕೆಂಪಂಗಿಗೆ ಬಿಳಿ ತೋಳು ಬಂದದ್ದು 1933ರಲ್ಲಿ, ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಕಾಲದಲ್ಲಿ. 1964ರಲ್ಲಿ ಬಿಲ್ ಶ್ಯಾಂಕ್ಲಿ ಲಿವರ್‌ಪೂಲ್‌ಗೆ ಅಂಗಿ, ಚಡ್ಡಿ, ಕಾಲುಚೀಲ ಎಲ್ಲವನ್ನೂ ಕೆಂಪು ಮಾಡಿಸಿದರು. ಆಟಗಾರರು ಇನ್ನಷ್ಟು ಎತ್ತರವಾಗಿ, ಬಲವಾಗಿ ಕಾಣುತ್ತಾರೆ ಎಂಬುದು ಅವರ ಲೆಕ್ಕಾಚಾರ. ಇಟಲಿಯ ಜಿನೋವಾ ನಗರದ ಸಾಂಪ್ಡೋರಿಯಾ ಕ್ಲಬ್ ಹುಟ್ಟಿದ್ದು 1946ರಲ್ಲಿ, ಎರಡು ಕ್ಲಬ್‌ಗಳು ಕೂಡಿ. ಆಂಡ್ರಿಯಾ ಡೋರಿಯಾದ ನೀಲಿ-ಬಿಳಿ, ಸಾಂಪಿಯರ್‌ಡರೆನೀಸ್‌ನ ಕೆಂಪು-ಕಪ್ಪು ಎರಡನ್ನೂ ಒಂದೇ ಅಂಗಿಯಲ್ಲಿ ಸೇರಿಸಿದರು. ಎರಡು ಮನೆತನಗಳ ಹೆಸರನ್ನು ಕೂಡಿಸಿ ಮಗುವಿಗೆ ಇಟ್ಟಂತೆ!

ಕಾಲ್ಪನಿಕ ಕಿಟ್ ಬಿಡಿಸುವವರು ಮೊದಲು ಓದಿಕೊಳ್ಳುವುದು ಈ ಕತೆಗಳನ್ನೇ. ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಅವುಗಳಿಂದ ತಿಳಿಯುತ್ತದೆ.

ವಿನ್ಯಾಸದ ಮೂಲಮಾದರಿಗಳು

ಎಷ್ಟೇ ಹೊಸ ಅಂಗಿ ಬಂದರೂ ಅವುಗಳ ಮೂಲಮಾದರಿಗಳು ಬೆರಳೆಣಿಕೆಯಷ್ಟೇ.

– ಉದ್ದ ಪಟ್ಟೆ: ಯುವೆಂಟಸ್, ಬಾರ್ಸಿಲೋನಾ, ಎಸಿ ಮಿಲಾನ್.
– ಅಡ್ಡ ಪಟ್ಟೆ: ಸ್ಕಾಟ್ಲೆಂಡಿನ ಸೆಲ್ಟಿಕ್‌ನ ಹಸಿರು-ಬಿಳಿ.
– ಎರಡು ಹೋಳು: ಬ್ಲ್ಯಾಕ್‌ಬರ್ನ್, ಹಾಲೆಂಡಿನ ಫೆಯನೂರ್ಡ್.
– ನಾಲ್ಕು ಹೋಳು: ಬ್ರಿಸ್ಟಲ್ ರೋವರ್ಸ್‌ನ ನೀಲಿ-ಬಿಳಿ.
– ನಡುವೆ ಅಗಲ ಪಟ್ಟಿ: ಅಯಾಕ್ಸ್‌ನ ಬಿಳಿಯ ಮೇಲೆ ಕೆಂಪು. ಪ್ಯಾರಿಸ್ ಸೇಂಟ್ ಜರ್ಮೇನ್‌ನ ನೀಲಿಯ ನಡುವಿನ ಕೆಂಪು ಪಟ್ಟಿ ವಸ್ತ್ರವಿನ್ಯಾಸಕ ಡೇನಿಯಲ್ ಎಶ್ಟರ್ 1973ರಲ್ಲಿ ರೂಪಿಸಿದ್ದು.
– ಓರೆ ಪಟ್ಟಿ: ಮ್ಯಾಡ್ರಿಡ್‌ನ ರಾಯೊ ವಾಯೆಕಾನೊ.
– ಚದುರಂಗದ ಮನೆ: ಪೋರ್ಚುಗಲ್‌ನ ಬೊವಾವಿಸ್ತಾದ ಕಪ್ಪು-ಬಿಳಿ.

ಮಾದರಿ ಕೆಡಿಸಿದರೆ ಗಲಾಟೆ ಖಂಡಿತ. 2015-16ರಲ್ಲಿ ಬಾರ್ಸಿಲೋನಾದ ಮುಖ್ಯ ಅಂಗಿಯಲ್ಲಿ ಕ್ಲಬ್‌ನ ಇತಿಹಾಸದಲ್ಲೇ ಮೊದಲ ಸಲ ಪಟ್ಟೆಗಳು ಅಡ್ಡ ಬಂದವು. 2019-20ರಲ್ಲಿ ಚದುರಂಗದ ಮನೆಗಳು ಬಂದವು. ಬಣ್ಣ ಅದೇ ಇದ್ದರೂ ಹಳೆಯ ಅಭಿಮಾನಿಗಳಲ್ಲಿ ಅನೇಕರು ಮೂಗು ಮುರಿದರು.

ಅಂಗಿ ಮಾರಾಟದ ಸರಕಾದಾಗ

1970ರ ದಶಕದ ಮೊದಲು ಕಿಟ್ ಎಂದರೆ ಆಟಗಾರರ ಉಡುಪು ಅಷ್ಟೇ. 1973ರಲ್ಲಿ ಇಂಗ್ಲೆಂಡಿನ ಅಡ್ಮಿರಲ್ ಕಂಪೆನಿ ಲೀಡ್ಸ್ ಯುನೈಟೆಡ್ ಜೊತೆ ಒಪ್ಪಂದ ಮಾಡಿಕೊಂಡು, ಅದೇ ಬಗೆಯ ಅಂಗಿಯನ್ನು ಮಕ್ಕಳಿಗೂ ಮಾರಲು ತೊಡಗಿತು. ಅದೇ ವರ್ಷ ಜರ್ಮನಿಯ ಐಂಟ್ರಾಖ್ಟ್ ಬ್ರಾನ್‌ಶ್ವೈಗ್ ಆಟಗಾರರ ಎದೆಯ ಮೇಲೆ ಯೇಗರ್‌ಮೈಸ್ಟರ್ ಮದ್ಯದ ಸಾರಂಗದ ಚಿಹ್ನೆ ಬಂತು. ಜಾಹೀರಾತಿಗೆ ಅನುಮತಿ ಇಲ್ಲವೆಂದಾಗ ಕ್ಲಬ್ ತನ್ನ ಲಾಂಛನವನ್ನೇ ಸಾರಂಗಕ್ಕೆ ಬದಲಿಸಿಕೊಂಡಿತ್ತು! 1979ರಲ್ಲಿ ಲಿವರ್‌ಪೂಲ್ ಅಂಗಿಯ ಮೇಲೆ ಹಿಟಾಚಿ ಹೆಸರು ಬಂತು.

ಆಮೇಲೆ ವರ್ಷ ವರ್ಷವೂ ಹೊಸ ಅಂಗಿ. ಮಕ್ಕಳ ಹಠಕ್ಕೆ ಸೋತು ದುಬಾರಿ ಬೆಲೆ ತೆರುವವರು ತಂದೆತಾಯಿಗಳು. 2003ರಲ್ಲಿ ಬ್ರಿಟನ್ನಿನ ವ್ಯಾಪಾರ ನಿಯಂತ್ರಣ ಕಚೇರಿಯು, ಫುಟ್ಬಾಲ್ ಅಂಗಿಗಳ ಬೆಲೆ ಇಳಿಯದಂತೆ ಒಳಗೊಳಗೇ ಮಾತಾಡಿಕೊಂಡಿದ್ದಕ್ಕಾಗಿ 10 ಸಂಸ್ಥೆಗಳ ಮೇಲೆ ಒಟ್ಟು 1 ಕೋಟಿ 86 ಲಕ್ಷ ಪೌಂಡ್ ದಂಡ ಹೇರಿತು. ಮೇಲ್ಮನವಿಯಲ್ಲಿ ಕೆಲವು ದಂಡಗಳ ಮೊತ್ತ ಬದಲಾಯಿತು.

ಬಣ್ಣ ಯಾರ ಸೊತ್ತು?

ಈ ಹವ್ಯಾಸದ ಹಿಂದಿರುವ ಮುಖ್ಯ ಪ್ರಶ್ನೆ ಇದು. ವೇಲ್ಸ್‌ನ ಕಾರ್ಡಿಫ್ ಸಿಟಿ 1908ರಿಂದ ನೀಲಿ ಅಂಗಿಯ ತಂಡ. ಅಡ್ಡಹೆಸರೇ ನೀಲಿಹಕ್ಕಿಗಳು. 2012ರಲ್ಲಿ ಕ್ಲಬ್‌ನ ಮಾಲಿಕ, ಮಲೇಶ್ಯಾದ ಉದ್ಯಮಿ ವಿನ್ಸೆಂಟ್ ಟಾನ್, ಅಂಗಿಯನ್ನು ಕೆಂಪು ಮಾಡಿಸಿದರು. ಲಾಂಛನದಲ್ಲಿ ಹಕ್ಕಿ ಚಿಕ್ಕದಾಗಿ, ಕೆಂಪು ಡ್ರ್ಯಾಗನ್ ದೊಡ್ಡದಾಯಿತು. ಏಷ್ಯಾದ ಮಾರುಕಟ್ಟೆಯಲ್ಲಿ ಕೆಂಪಿಗೆ ಬೆಲೆ ಹೆಚ್ಚು ಎಂಬುದು ವಾದ. ಹೊಸ ಬಣ್ಣದಲ್ಲಿ ತಂಡ 2013ರಲ್ಲಿ ಪ್ರೀಮಿಯರ್ ಲೀಗ್‌ಗೂ ಏರಿತು. ಆದರೆ ಗೆದ್ದ ಸಂಭ್ರಮದಲ್ಲೂ ಅಭಿಮಾನಿಗಳು ನೀಲಿಯನ್ನು ಮರೆಯಲಿಲ್ಲ. ಪ್ರತಿಭಟನೆಗಳು ನಡೆದವು, ಗ್ಯಾಲರಿಯಲ್ಲಿ ನೀಲಿ ಶಾಲುಗಳು ಏಳುತ್ತಲೇ ಇದ್ದವು. 2014ರಲ್ಲಿ ತಂಡ ಕೆಳಗಿನ ದರ್ಜೆಗೆ ಇಳಿಯಿತು. 2015ರ ಜನವರಿಯಲ್ಲಿ ನೀಲಿ ಅಂಗಿ ಮರಳಿತು.

ಕ್ಲಬ್ ಕೊಂಡವರು ಮೈದಾನ ಕೊಳ್ಳಬಹುದು, ಆಟಗಾರರನ್ನು ಕೊಳ್ಳಬಹುದು. ನೂರು ವರ್ಷದ ನೆನಪನ್ನು ಕೊಳ್ಳುವುದು ಕಷ್ಟ ಎಂಬುದು ಅಲ್ಲಿ ಸಾಬೀತಾಯಿತು. ಕಾಲ್ಪನಿಕ ಕಿಟ್ ಬಿಡಿಸುವ ಸಾಮಾನ್ಯನೂ ಇದನ್ನೇ ತನ್ನ ರೀತಿಯಲ್ಲಿ ಹೇಳುತ್ತಾನೆ. ನಿರ್ಧಾರ ಮಾಡುವ ಕೊಠಡಿಯಲ್ಲಿ ಅವನಿಗೆ ಕುರ್ಚಿ ಇಲ್ಲ. ತನ್ನ ಅಭಿಪ್ರಾಯವನ್ನು ಬಣ್ಣದಲ್ಲಿ ಬರೆದು ತೋರಿಸುತ್ತಾನೆ.

ಬಿಡಿಸುವ ವಿಧಾನ

ಬೇಕಾದ ಸಾಮಗ್ರಿ ಅಲ್ಪ. ಒಂದು ಚೌಕಳಿ ಕಾಗದ, ಪೆನ್ಸಿಲ್, ಸ್ಕೆಚ್ ಪೆನ್ನುಗಳಿದ್ದರೆ ಸಾಕು. ಕಂಪ್ಯೂಟರ್ ಇದ್ದವರಿಗೆ ಪೇಂಟ್, ಫೋಟೋಶಾಪ್, ಕೋರಲ್‌ಡ್ರಾ ಇವೆ. ಹಣ ಕೊಡದೆ ಸಿಗುವ ಇಂಕ್‌ಸ್ಕೇಪ್, ಗಿಂಪ್ ಕೂಡ ಇವೆ.

1. ಬರೀ ಗೆರೆಯ ಅಂಗಿಯ ಆಕಾರವೊಂದನ್ನು ಮಾಡಿಟ್ಟುಕೊಳ್ಳಬೇಕು. ಮುಂಭಾಗ, ಹಿಂಭಾಗ ಎರಡೂ ಬೇಕು. ಎಲ್ಲ ವಿನ್ಯಾಸಕ್ಕೂ ಇದೇ ಅಚ್ಚು.

2. ಕ್ಲಬ್‌ನ ಮುಖ್ಯ ಬಣ್ಣ ಮತ್ತು ಮೂಲಮಾದರಿಯನ್ನು ಮೊದಲು ತುಂಬಬೇಕು. ಎರಡು ಅಥವಾ ಮೂರು ಬಣ್ಣ ಸಾಕು. ನಾಲ್ಕನೆಯದು ಬಂದರೆ ಅಂಗಿ ಜಾತ್ರೆಯ ತೋರಣದಂತಾಗುತ್ತದೆ.

3. ಕಾಲರ್, ತೋಳಿನ ಅಂಚು, ಪಕ್ಕದ ಹೊಲಿಗೆ ಇವು ಹೊಸತನಕ್ಕೆ ತಕ್ಕ ಜಾಗ. ಹಳೆಯ ಕಟ್ಟಡ, ಬಂದರು, ನಗರದ ಧ್ವಜ ಮುಂತಾದವುಗಳ ಸುಳಿವನ್ನು ಇಲ್ಲಿ ಸಣ್ಣದಾಗಿ ತರುವವರಿದ್ದಾರೆ.

4. ಲಾಂಛನ, ತಯಾರಕರ ಗುರುತು, ಪ್ರಾಯೋಜಕರ ಹೆಸರು ಕೊನೆಗೆ. ಪ್ರಾಯೋಜಕರ ಹೆಸರಿಗೆ ಎದೆಯಲ್ಲಿ ಜಾಗ ಬಿಡದ ವಿನ್ಯಾಸ ನಿಜವಾದ ಕಿಟ್‌ನಂತೆ ಕಾಣುವುದಿಲ್ಲ.

5. ಕಂಪ್ಯೂಟರಿನಲ್ಲಾದರೆ ಗೆರೆ, ಬಣ್ಣ, ಬಟ್ಟೆಯ ಮಡಿಕೆಯ ನೆರಳು ಇವನ್ನು ಬೇರೆ ಬೇರೆ ಪದರಗಳಲ್ಲಿ ಇಡುವುದು ಒಳ್ಳೆಯದು. ಒಂದನ್ನು ತಿದ್ದುವಾಗ ಇನ್ನೊಂದು ಕೆಡುವುದಿಲ್ಲ.

ಮನೆಯ ಅಂಗಣದ ಕಿಟ್‌ಗೆ ಸಂಪ್ರದಾಯದ ಕಟ್ಟು ಇರುತ್ತದೆ. ಪರವೂರಿನ ಆಟಕ್ಕೆ ತೊಡುವ ಎರಡನೆಯ ಮತ್ತು ಮೂರನೆಯ ಕಿಟ್‌ಗಳಲ್ಲಿ ಸ್ವಾತಂತ್ರ್ಯ ಹೆಚ್ಚು. ಆರ್ಸೆನಲ್‌ನ 1991-93ರ ಹಳದಿ ಅಂಗಿಯ ಅಂಕುಡೊಂಕು ಗೆರೆಗಳನ್ನು ಆಗ ಜನ 'ಜಜ್ಜಿದ ಬಾಳೆಹಣ್ಣು' ಎಂದು ಗೇಲಿ ಮಾಡಿದ್ದರು. ಇಂದು ಅದೇ ಅಂಗಿ ಸಂಗ್ರಹಕಾರರ ಅಚ್ಚುಮೆಚ್ಚು. ರಿಯಲ್ ಮ್ಯಾಡ್ರಿಡ್‌ನ 2014-15ರ ಮೂರನೆಯ ಕಿಟ್‌ನ ಕಪ್ಪಂಗಿಯಲ್ಲಿ ಜಪಾನಿನ ವಿನ್ಯಾಸಕ ಯೋಜಿ ಯಮಮೊಟೊ ಡ್ರ್ಯಾಗನ್ ಬಿಡಿಸಿದ್ದರು.

ನಿಯಮಗಳೂ ಕಣ್ಣೂ

ಆಟದ 4ನೆಯ ನಿಯಮದಂತೆ ಎರಡು ತಂಡಗಳ ಬಣ್ಣ ಒಂದಕ್ಕೊಂದು ಬೇರೆಯಾಗಿರಬೇಕು, ರೆಫರಿಗಳ ಉಡುಪಿಗಿಂತಲೂ ಬೇರೆಯಾಗಿರಬೇಕು. ಗೋಲಿಯ ಬಣ್ಣ ಉಳಿದ ಆಟಗಾರರದಕ್ಕೆ ಹೊಂದಬಾರದು. ಅಂಗಿಗೆ ತೋಳು ಇರಲೇಬೇಕು. ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಬೆನ್ನಿನ ಸಂಖ್ಯೆ 1928ರ ಆಗಸ್ಟ್ 25ರಂದು ಆರ್ಸೆನಲ್ ಮತ್ತು ಚೆಲ್ಸಿ ತಂಡಗಳ ಅಂಗಿಗಳಲ್ಲಿ ಕಾಣಿಸಿತು, 1939ರಲ್ಲಿ ಕಡ್ಡಾಯವಾಯಿತು. ಹಾಗಾಗಿ ಸಂಖ್ಯೆ ದೂರದಿಂದಲೂ ಓದಿಸಿಕೊಳ್ಳಬೇಕು. ಪಟ್ಟೆ ಅಂಗಿಗಳ ಬೆನ್ನಿನಲ್ಲಿ ಸಂಖ್ಯೆಗೆಂದು ಒಂದೇ ಬಣ್ಣದ ಚೌಕ ಬಿಡುವುದು ಈ ಕಾರಣಕ್ಕೆ.

ಕಣ್ಣಿಗೆ ಚೆಂದ ಕಂಡದ್ದು ಮೈದಾನದಲ್ಲಿ ಕೈಕೊಡಬಹುದು. 1996ರ ಏಪ್ರಿಲ್ 13ರಂದು ಮ್ಯಾಂಚೆಸ್ಟರ್ ಯುನೈಟೆಡ್ ಬೂದು ಅಂಗಿ ತೊಟ್ಟು ಸೌತಾಂಪ್ಟನ್ ವಿರುದ್ಧ ಆಡಿತು. ಅರ್ಧ ಆಟಕ್ಕೆ 3-0 ಹಿನ್ನಡೆ. ಬಿಸಿಲಿನಲ್ಲಿ ಜೊತೆಗಾರರು ಕಾಣಿಸುತ್ತಿಲ್ಲ, ಗ್ಯಾಲರಿಯ ಜನರೊಂದಿಗೆ ಬೆರೆತುಹೋಗುತ್ತಾರೆ ಎಂದು ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ವಿರಾಮದಲ್ಲಿ ಅಂಗಿಯನ್ನೇ ಬದಲಿಸಿದರು. ಕೊನೆಗೆ 3-1ರಿಂದ ಸೋತರು. ಆ ಬೂದು ಅಂಗಿ ಮತ್ತೆ ಮೈದಾನಕ್ಕೆ ಇಳಿಯಲಿಲ್ಲ.

ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. ಯುರೋಪಿನ ಗಂಡಸರಲ್ಲಿ ಸುಮಾರು 12ರಲ್ಲಿ ಒಬ್ಬರಿಗೆ ಬಣ್ಣಗುರುಡಿನ ತೊಂದರೆ ಇದೆ. ಅವರಲ್ಲಿ ಹೆಚ್ಚಿನವರಿಗೆ ಕೆಂಪು-ಹಸಿರಿನ ಭೇದ ಸರಿಯಾಗಿ ತಿಳಿಯದು. 2018ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಕೆಂಪಂಗಿಯ ರಷ್ಯಾ, ಹಸಿರಂಗಿಯ ಸೌದಿ ಅರೇಬಿಯಾ ಆಡಿದಾಗ ಯಾರು ಯಾರೆಂದೇ ತಿಳಿಯಲಿಲ್ಲ ಎಂದು ಇಂಥವರು ದೂರಿದ್ದರು. ಸುಲಭ ಪರೀಕ್ಷೆಯೊಂದಿದೆ: ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ. ಆಗಲೂ ಎರಡು ಅಂಗಿಗಳ ವ್ಯತ್ಯಾಸ ತಿಳಿದರೆ ವಿನ್ಯಾಸ ಪಾಸಾಯಿತು ಎನ್ನಬಹುದು.

ಆಟದ ಪರದೆಯಲ್ಲಿ

ಹವ್ಯಾಸಕ್ಕೆ ದೊಡ್ಡ ಬಲ ಸಿಕ್ಕಿದ್ದು ವಿಡಿಯೋ ಗೇಮ್‌ಗಳಿಂದ. ಕೊನಾಮಿ ಕಂಪೆನಿಯ ಪ್ರೊ ಎವಲ್ಯೂಷನ್ ಸಾಕರ್‌ಗೆ ಅನೇಕ ಕ್ಲಬ್‌ಗಳ ಹೆಸರು, ಬಟ್ಟೆ ಬಳಸುವ ಹಕ್ಕು ಇರಲಿಲ್ಲ. ಲಿವರ್‌ಪೂಲ್ ಅದರಲ್ಲಿ ಮರ್ಸಿಸೈಡ್ ರೆಡ್ ಆಗಿತ್ತು. ಆದರೆ ತಂಡದ ಉಡುಪು ತಿದ್ದುವ ಸೌಲಭ್ಯವಿತ್ತು. ನಿಜವಾದ ಕಿಟ್ ತುಂಬಲು ಕೂತ ಹುಡುಗರು ಕ್ರಮೇಣ ತಮ್ಮದೇ ಕಲ್ಪನೆಯ ಕಿಟ್ ತುಂಬತೊಡಗಿದರು. 2021ರಲ್ಲಿ ಬಂದ ಫಿಫಾ 22 ಗೇಮ್‌ನಲ್ಲಿ ಹೊಸ ಕ್ಲಬ್ ಕಟ್ಟಿ ಅದಕ್ಕೆ ಕಿಟ್ ಆರಿಸುವ ಅವಕಾಶವೂ ಬಂತು.

ಎಚ್ಚರಿಕೆಯ ಮಾತು

ನಿಮ್ಮ ಸಂತೋಷಕ್ಕೆ ಬಿಡಿಸುವುದು ಬೇರೆ, ಮಾರುವುದು ಬೇರೆ. ಲಾಂಛನ, ಕಂಪೆನಿಯ ಗುರುತು ಇವು ನೋಂದಾಯಿತ ಸೊತ್ತು. ಆರ್ಸೆನಲ್ ಮೈದಾನದ ಹೊರಗೆ ದಶಕಗಳಿಂದ ಅನಧಿಕೃತ ಸಾಮಾನು ಮಾರುತ್ತಿದ್ದ ವ್ಯಾಪಾರಿಯೊಬ್ಬರ ಮೊಕದ್ದಮೆಯಲ್ಲಿ 2002ರಲ್ಲಿ ಯುರೋಪಿಯನ್ ನ್ಯಾಯಾಲಯ, 2003ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಕ್ಲಬ್‌ನ ಪರವಾಗಿ ನಿಂತವು. ಕ್ಲಬ್‌ಗಳೂ ಎಡವಿದ್ದುಂಟು. ಡಬ್ಲಿನ್‌ನ ಬೊಹೀಮಿಯನ್ಸ್ 2018ರಲ್ಲಿ ಗಾಯಕ ಬಾಬ್ ಮಾರ್ಲಿ ಚಿತ್ರವಿರುವ ಅಂಗಿ ಪ್ರಕಟಿಸಿತು. ಚಿತ್ರದ ಹಕ್ಕಿನ ತೊಡಕು ಬಂದು ಅದನ್ನು ತೆಗೆದು ಬಿಗಿಮುಷ್ಟಿಯ ಚಿತ್ರ ಹಾಕಬೇಕಾಯಿತು.

ಇನ್ನು, ಕಾಲ್ಪನಿಕ ಚಿತ್ರದ ಮೂಲೆಯಲ್ಲಿ 'ಕಾಲ್ಪನಿಕ' ಎಂದು ಬರೆಯುವುದು ಸಭ್ಯತೆ. ಇಲ್ಲವಾದರೆ ಮುಂದಿನ ವರ್ಷದ ನಿಜವಾದ ಜೆರ್ಸಿ ಇದೇ ಎಂದು ಅದು ಊರೆಲ್ಲ ಸುತ್ತುತ್ತದೆ.

ನಮ್ಮ ಊರಿಗೆ ಬಂದರೆ

ನಮ್ಮಲ್ಲಿ ಸೆವೆನ್ಸ್ ಪಂದ್ಯಾಟ ಬಂತೆಂದರೆ ಊರಿನ ಕ್ಲಬ್‌ಗೂ ಹೊಸ ಜೆರ್ಸಿ ಬೇಕು. ಪಾಲಿಯೆಸ್ಟರ್ ಬಟ್ಟೆಗೆ ಶಾಖದಿಂದ ಬಣ್ಣ ಇಳಿಸುವ ಸಬ್ಲಿಮೇಷನ್ ಮುದ್ರಣದಿಂದ ಯಾವ ವಿನ್ಯಾಸವನ್ನಾದರೂ ಅಚ್ಚು ಹಾಕಿಸಬಹುದು. ಆದರೆ ಅಂಗಡಿಯಲ್ಲಿ ಪುಸ್ತಕ ತಿರುವಿ, ಯುರೋಪಿನ ಯಾವುದೋ ಕ್ಲಬ್‌ನದನ್ನೇ ತೋರಿಸಿ 'ಇದೇ ಇರಲಿ, ಹೆಸರು ಮಾತ್ರ ನಮ್ಮದು ಹಾಕಿ' ಎನ್ನುವುದೇ ಹೆಚ್ಚು. ವರ್ಷಕ್ಕೊಂದು ಬಣ್ಣವಾದರೆ ಊರಿನವರಿಗೆ ತಮ್ಮ ತಂಡದ ಗುರುತು ಹತ್ತುವುದು ಹೇಗೆ?

ಯುವೆಂಟಸ್‌ಗೆ ಬಂದದ್ದೂ ಪರವೂರಿನ ಅಂಗಿಯೇ. ಅದು ತಮ್ಮದಾದದ್ದು ನೂರಿಪ್ಪತ್ತು ವರ್ಷ ಆ ಬಣ್ಣಗಳನ್ನು ಬಿಡದೆ ತೊಟ್ಟುದರಿಂದ. ಆದ್ದರಿಂದ ನೋಟುಪುಸ್ತಕದಲ್ಲಿ ಜೆರ್ಸಿ ಬಿಡಿಸುವ ಹುಡುಗ ಮನೆಯಲ್ಲಿದ್ದರೆ ಬೈಯಬೇಡಿ. ಊರಿನ ಕ್ಲಬ್‌ನವರು ಅವನನ್ನು ಕರೆದು, ನಮ್ಮ ತಂಡಕ್ಕೊಂದು ಬಣ್ಣ ಗೊತ್ತು ಮಾಡು, ಮುಂದೆ ಅದನ್ನು ಬದಲಿಸುವುದಿಲ್ಲ ಎಂದು ಹೇಳಿ ನೋಡಲಿ.