ಆರೈಕೆಯ ಹೊರೆ: ಒಂದು ಅಳತೆಯ ಇತಿಹಾಸ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಪ್ರಾರಂಭವಾದದ್ದು 1923ರಲ್ಲಿ. ಉಕ್ಕು ತಯಾರಿಸುವವರು ಅದರ ಮಾದರಿಯನ್ನು ಯಂತ್ರದಲ್ಲಿ ಸಿಕ್ಕಿಸಿ ಎಳೆದು, ಎಷ್ಟು ಭಾರ ತಾಳುತ್ತದೆಂದು ನೋಡುತ್ತಾರೆ. ಈಗ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬೆಳಗಿನ ಬಸ್ಸನ್ನು ನೆನೆಯಿರಿ. ಪಾರ್ಶ್ವವಾಯು ಬಡಿದ ಗಂಡನನ್ನೋ ಮರೆಗುಳಿತನದ ಅತ್ತೆಯನ್ನೋ ಕೈಹಿಡಿದು ಆಸ್ಪತ್ರೆಗೆ ಕರೆತರುವವರು ಅದರಲ್ಲಿರುತ್ತಾರೆ. ಆಸ್ಪತ್ರೆಯಲ್ಲಿ ರೋಗಿಯ ರಕ್ತದೊತ್ತಡವನ್ನು ಅಳೆದು ಬರೆದುಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತವರ ರಕ್ತದೊತ್ತಡ ಎಷ್ಟು? ಕೇಳುವವರು ಅಪರೂಪ. ಉಕ್ಕಿಗಿರುವ ಪರೀಕ್ಷೆ ಇವರಿಗೇಕಿಲ್ಲ? ಈ ಪ್ರಶ್ನೆಗೂ ಒಂದು ಇತಿಹಾಸವಿದೆ.

'ಸ್ಟ್ರೆಸ್' ಎಂಬ ಪದ ವೈದ್ಯರಿಗೆ ಬಂದದ್ದು ಭೌತವಿಜ್ಞಾನದ ಕಡೆಯಿಂದ. ಸ್ಪ್ರಿಂಗು ಹಿಗ್ಗುವುದಕ್ಕೂ ಅದನ್ನು ಎಳೆಯುವ ಬಲಕ್ಕೂ ಇರುವ ಸಂಬಂಧವನ್ನು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ. ಏಕಮಾನ ಕ್ಷೇತ್ರಫಲದ ಮೇಲೆ ಬೀಳುವ ಬಲವೇ ಪೀಡನ, ಅಂದರೆ ಸ್ಟ್ರೆಸ್. ಅದರಿಂದ ವಸ್ತುವಿನಲ್ಲಾಗುವ ಮಾರ್ಪಾಡು ವಿಕೃತಿ, ಅಂದರೆ ಸ್ಟ್ರೇನ್. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವೋಲರ್ ರೈಲುಗಾಡಿಗಳ ಅಚ್ಚುಗಳನ್ನು ಪರೀಕ್ಷಿಸಿ ಇನ್ನೊಂದು ಸಂಗತಿ ತೋರಿಸಿದ. ಒಂದೇ ಸಲಕ್ಕೆ ಮುರಿಯಲಾರದಷ್ಟು ಕಡಿಮೆ ಭಾರವೂ ಲಕ್ಷಾಂತರ ಸಲ ಮರುಕಳಿಸಿದರೆ ಉಕ್ಕು ಮುರಿಯುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು.

1936ರಲ್ಲಿ ಕೆನಡದ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ 'ನೇಚರ್' ಪತ್ರಿಕೆಗೆ ಒಂದು ಸಣ್ಣ ಲೇಖನ ಬರೆದರು. ಚಳಿ, ಗಾಯ, ಅತಿ ಶ್ರಮ, ವಿಷ — ತೊಂದರೆ ಯಾವುದೇ ಇರಲಿ, ಇಲಿಗಳ ದೇಹದಲ್ಲಿ ಕಂಡ ಬದಲಾವಣೆಗಳು ಒಂದೇ ಬಗೆಯವು: ಅಡ್ರಿನಲ್ ಗ್ರಂಥಿ ಹಿಗ್ಗುತ್ತಿತ್ತು, ಥೈಮಸ್ ಕುಗ್ಗುತ್ತಿತ್ತು, ಜಠರದಲ್ಲಿ ಹುಣ್ಣಾಗುತ್ತಿತ್ತು. ಮುಂದೆ ಅವರು ಇದಕ್ಕೆ 'ಸ್ಟ್ರೆಸ್' ಎಂದು ಹೆಸರಿಟ್ಟರು. ಇಂಗ್ಲಿಷ್ ಇನ್ನಷ್ಟು ಚೆನ್ನಾಗಿ ಬಂದಿದ್ದರೆ 'ಸ್ಟ್ರೇನ್' ಎನ್ನುತ್ತಿದ್ದೆ ಎಂದು ಆಮೇಲೆ ಹೇಳಿಕೊಂಡದ್ದೂ ಉಂಟು. ಭೌತವಿಜ್ಞಾನದ ಲೆಕ್ಕದಲ್ಲಿ ಅದೇ ಸರಿ!

ಅಪಾಯ ಎದುರಾದಾಗ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸ್ರವಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಉರಿಯೂತ ತಗ್ಗುತ್ತದೆ. ಗಳಿಗೆಯ ಮಟ್ಟಿಗೆ ಇದು ರಕ್ಷಣೆ. ಆದರೆ ಅಪಾಯ ವರ್ಷಗಟ್ಟಲೆ ಮುಗಿಯದಿದ್ದರೆ? ರಾತ್ರಿ ನಾಲ್ಕು ಸಲ ಎದ್ದು ರೋಗಿಯ ಮಗ್ಗುಲು ಬದಲಿಸುವವರಿಗೆ ಈ ವ್ಯವಸ್ಥೆ ವಿಶ್ರಾಂತಿಯನ್ನೇ ಕಾಣುವುದಿಲ್ಲ. ನಿದ್ರೆ, ರಕ್ತದೊತ್ತಡ, ರೋಗನಿರೋಧಕ ಶಕ್ತಿ ಒಂದೊಂದಾಗಿ ಹದಗೆಡತೊಡಗುತ್ತವೆ. ವೋಲರನ ಅಚ್ಚುಗಳು ನೆನಪಿಗೆ ಬಂದವೆ?

ಈ ಹೊರೆಯನ್ನು ಅಳೆಯುವ ಮುಖ್ಯ ಪ್ರಯತ್ನವೊಂದು ನಮ್ಮ ರಾಜ್ಯದಲ್ಲೇ ನಡೆಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಮನೋರೋಗಿಗಳ ಕುಟುಂಬದವರನ್ನು ಸಂದರ್ಶಿಸಲು ಒಂದು ಪ್ರಶ್ನಾವಳಿ ರೂಪಿಸಿ 1981ರಲ್ಲಿ ಪ್ರಕಟಿಸಿದರು. ಹಣದ ಅಡಚಣೆ, ದಿನಚರಿ, ಬಿಡುವು, ಮನೆಯವರ ಪರಸ್ಪರ ಸಂಬಂಧ, ಇತರರ ದೇಹಾರೋಗ್ಯ, ಮನಸ್ಸಿನ ಆರೋಗ್ಯ — ಹೀಗೆ ಆರು ವಿಭಾಗಗಳು. ಕರ್ತವ್ಯವೆಂದು ಸುಮ್ಮನೆ ಹೊತ್ತುಕೊಂಡಿದ್ದುದಕ್ಕೆ ಒಂದು ಅಂಕ ದೊರಕಿತು. ನರ್ಸ್ ಮನೆಗೇ ಹೋಗಿ ರೋಗಿಯನ್ನು ನೋಡಿಕೊಂಡರೆ ಆ ಅಂಕ ಇಳಿಯುತ್ತದೆಂಬುದನ್ನೂ ಅವರು ತೋರಿಸಿದರು.

1995ರಲ್ಲಿ ಅಮೆರಿಕದ ಓಹಿಯೋದಲ್ಲಿ ಕೀಕೋಲ್ಟ್-ಗ್ಲೇಸರ್ ತಂಡ ದೇಹವನ್ನೇ ಸಾಕ್ಷಿಯಾಗಿ ಕರೆಯಿತು. ಮರೆಗುಳಿತನದ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನಲ್ಲಿ 3.5 ಮಿಲಿಮೀಟರಿನ ಚಿಕ್ಕ ಗಾಯ ಮಾಡಿದಾಗ, ಅದು ಮಾಯಲು ಇತರ 13 ಮಹಿಳೆಯರಿಗಿಂತ ಸರಾಸರಿ 9 ದಿನ ಹೆಚ್ಚು ಹಿಡಿಯಿತು. 1999ರಲ್ಲಿ ಷುಲ್ಜ್ ಮತ್ತು ಬೀಚ್ ವೃದ್ಧ ದಂಪತಿಗಳ ಅಧ್ಯಯನ ಪ್ರಕಟಿಸಿದರು. ಆರೈಕೆಯಿಂದ ಬಳಲಿದ್ದ ಸಂಗಾತಿಗಳಲ್ಲಿ ನಾಲ್ಕು ವರ್ಷಗಳ ಮರಣದ ಸಂಭವ ಶೇಕಡ 63ರಷ್ಟು ಅಧಿಕವಾಗಿತ್ತು. ಆರೈಕೆ ಮಾಡಿಯೂ ಬಳಲದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. 2013ರ ಒಂದು ದೊಡ್ಡ ಅಧ್ಯಯನದಲ್ಲಂತೂ ಆರೈಕೆ ಮಾಡುವವರ ಮರಣ ಪ್ರಮಾಣ ಇತರರಿಗಿಂತ ಕಡಿಮೆಯೇ ಇತ್ತು. ಎಂದರೆ ಆರೈಕೆಯೇ ರೋಗವಲ್ಲ. ಬಿಡುವಿಲ್ಲದ, ನೆರವಿಲ್ಲದ ಆರೈಕೆಯೇ ಅಪಾಯ.

ಹೊರೆ ಇಳಿಸುವುದು ಸಾಧ್ಯವೆ? ಕರ್ನಾಟಕದ ಹಳ್ಳಿಗಳಲ್ಲಿ ಚಿಕಿತ್ಸೆಯೇ ಕಾಣದಿದ್ದ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಊರಿನಲ್ಲೇ ಚಿಕಿತ್ಸೆ ಕೊಟ್ಟಾಗ ಕುಟುಂಬದ ಹೊರೆಯೂ ಇಳಿಯಿತೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅದೇ ವರ್ಷ ನಿಮ್ಹಾನ್ಸ್ ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಇಂಥದೇ ಕಾರ್ಯಕ್ರಮ ಆರಂಭಿಸಿತು.

ಪೀಡನವೆಂದರೆ ಬಲವನ್ನು ಕ್ಷೇತ್ರಫಲದಿಂದ ಭಾಗಿಸಿದ್ದು. ಅದನ್ನು ತಗ್ಗಿಸಲು ದಾರಿ ಎರಡು: ಬಲವನ್ನು ಕಡಿಮೆ ಮಾಡಬೇಕು, ಇಲ್ಲವೇ ಕ್ಷೇತ್ರಫಲವನ್ನು ಹೆಚ್ಚಿಸಬೇಕು. ರೋಗಿಗೆ ಸಕಾಲದ ಚಿಕಿತ್ಸೆ ಮೊದಲನೆಯ ದಾರಿ. ಅಣ್ಣ, ತಂಗಿ, ನಾದಿನಿ, ನೆರೆಯವರು ಸರದಿಯ ಮೇಲೆ ರಾತ್ರಿ ಕಾಯುವುದು ಎರಡನೆಯದು. ನಿಮ್ಮ ಮನೆಯಲ್ಲಿ ರೋಗಿಯೊಬ್ಬರಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕರೆದುಕೊಂಡು ಹೋದವರ ರಕ್ತದೊತ್ತಡ ಮತ್ತು ಸಕ್ಕರೆಯನ್ನೂ ಪರೀಕ್ಷಿಸಲು ಹೇಳಿ. ಅದಕ್ಕೆ ಹಿಡಿಯುವುದು ಕೆಲವೇ ನಿಮಿಷ.